17 ಸೆಕೆಂಡು, 8 ಪಾಯಿಂಟು

(ಅಮೆರಿಕದ ಉತ್ತರ ಕೆರೊಲಿನಾದ ಕ್ಯಾರಿಯಲ್ಲಿ ನಡೆದ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಮಾತಾಡುವವನ ಕಷ್ಟ ನನಗೆ ಗೊತ್ತು. ಒಗ್ಗರಣೆಯ ವಾಸನೆ ಇಲ್ಲಿಯ ತನಕ ಬರುತ್ತಿದೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಬಹಳ ಜನ ಇಲ್ಲಿಗೆ ಬಂದದ್ದು ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕೆಲಸಗಳ ಕಾರಣಕ್ಕೆ. ಆ ತ್ರಿಕೋನದ ಮೂರು ಮೂಲೆಗಳಲ್ಲಿ ಮೂರು ವಿಶ್ವವಿದ್ಯಾಲಯಗಳಿವೆ. ರಾಲಿಯ ಎನ್‌ಸಿ ಸ್ಟೇಟ್ ಅಭಿಮಾನಿಗಳು ಕ್ಷಮಿಸಬೇಕು, ಇವತ್ತು ಅವರ ಸುದ್ದಿ ಇಲ್ಲ. ಉಳಿದ ಎರಡರ ನಡುವಿನ ಬ್ಯಾಸ್ಕೆಟ್‌ಬಾಲ್ ಜಿದ್ದಿನ ಬಗ್ಗೆ ಮಾತ್ರ ಹೇಳುತ್ತೇನೆ. ಒಂದು ಚಾಪೆಲ್ ಹಿಲ್‌ನ ಯುಎನ್‌ಸಿ, ಇಲ್ಲಿಯವರ ಬಾಯಲ್ಲಿ ಬರೀ ಕೆರೊಲಿನಾ. ಇನ್ನೊಂದು ಡರ್ಹಮ್‌ನ ಡ್ಯೂಕ್. ಎರಡರ ಬಣ್ಣವೂ ನೀಲಿಯೇ. ಕೆರೊಲಿನಾದ್ದು ತಿಳಿ ನೀಲಿ, ಡ್ಯೂಕ್‌ದು ಕಡು ನೀಲಿ. ಇಲ್ಲಿಗೆ ಬಂದ ಹೊಸದರಲ್ಲಿ ನೀವು ಗೊತ್ತಿಲ್ಲದೆ ಯಾವುದೋ ನೀಲಿ ಶರ್ಟ್ ಹಾಕಿಕೊಂಡು ಆಫೀಸಿಗೆ ಹೋಗಿರುತ್ತೀರಿ. ಯಾರೋ ಒಬ್ಬರು ಹುಬ್ಬು ಏರಿಸಿರುತ್ತಾರೆ. ಅಲ್ವಾ?

ಎರಡು ಕ್ಯಾಂಪಸ್‌ಗಳ ನಡುವೆ ಸುಮಾರು 16 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಕೆಂಗೇರಿಗೆ ಹೋದಷ್ಟು. 15-501 ರಸ್ತೆ ಹಿಡಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಂದೇಬಿಟ್ಟಿರಿ. ಒಂದು ಸರ್ಕಾರಿ ವಿಶ್ವವಿದ್ಯಾಲಯ, 1789ರಲ್ಲಿ ಸ್ಥಾಪನೆಯಾದದ್ದು. ಇನ್ನೊಂದು ಖಾಸಗಿ. ಟ್ರಿನಿಟಿ ಕಾಲೇಜು ಅಂತಿದ್ದದ್ದಕ್ಕೆ 1924ರಲ್ಲಿ ಹೊಗೆಸೊಪ್ಪಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ಡ್ಯೂಕ್ ಮನೆತನದ ಹೆಸರು ಬಂತು. ಕೆರೊಲಿನಾದವರು ಡ್ಯೂಕ್‌ನವರನ್ನು ದುಡ್ಡಿನ ಮಕ್ಕಳು ಅನ್ನುತ್ತಾರೆ, ಹೊರಗಿನಿಂದ ಬಂದವರು ಅನ್ನುತ್ತಾರೆ. ಡ್ಯೂಕ್‌ನವರು ಏನನ್ನುತ್ತಾರೆ ಅನ್ನೋದನ್ನು ಇಷ್ಟು ಜನ ಮಕ್ಕಳ ಮುಂದೆ ಹೇಳಲ್ಲ. 1920ರಿಂದ ಇವರಿಬ್ಬರೂ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾರೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲವಾದರೂ ಆಡುತ್ತಾರೆ, ಒಂದು ಇವರ ಊರಲ್ಲಿ, ಒಂದು ಅವರ ಊರಲ್ಲಿ.

ಇಲ್ಲಿಯ ಹಳಬರ ಜೊತೆ ಮಾತಾಡುತ್ತಾ ನಾನು ಗಮನಿಸಿದ್ದು ಒಂದು ವಿಷಯ. ಹಳೆಯ ಪಂದ್ಯದ ಬಗ್ಗೆ ಕೇಳಿದರೆ ಸ್ಕೋರನ್ನು ತಪ್ಪಾಗಿ ಹೇಳುತ್ತಾರೆ, ವರ್ಷವನ್ನು ಹಿಂದೆಮುಂದೆ ಮಾಡುತ್ತಾರೆ. ಒಮ್ಮೊಮ್ಮೆ ಗೆದ್ದವರು ಯಾರು ಅನ್ನೋದೇ ಕಲಸಿಹೋಗಿರುತ್ತದೆ. ಆದರೆ ತಾವು ಎಲ್ಲಿ ನಿಂತಿದ್ದೆವು, ಪಕ್ಕದಲ್ಲಿ ಯಾರಿದ್ದರು, ಕೈಯಲ್ಲಿ ಏನಿತ್ತು ಅನ್ನೋದನ್ನು ಮಾತ್ರ ನಿನ್ನೆ ನಡೆದ ಹಾಗೆ ಹೇಳುತ್ತಾರೆ. ಇವತ್ತು ಆ ಕಣ್ಣಿನಿಂದ ಕೆಲವು ಪಂದ್ಯ ನೋಡೋಣ ಅಂತ.

ಮೊದಲನೆಯದು 1974, ಮಾರ್ಚ್ 2, ಶನಿವಾರ. ಜಾಗ ಚಾಪೆಲ್ ಹಿಲ್‌ನ ಕಾರ್ಮೈಕಲ್ ಆಡಿಟೋರಿಯಂ. ಆ ಸಾಲಿನ ಲೀಗ್ ಹಂತದ ಕೊನೇ ಪಂದ್ಯ. ಕೆರೊಲಿನಾ ಆಗ ದೇಶದ ಅಗ್ರ ತಂಡಗಳಲ್ಲಿ ಒಂದು, ಕೋಚ್ ಡೀನ್ ಸ್ಮಿತ್. ಡ್ಯೂಕ್‌ಗೆ ಅದು ಕೆಟ್ಟ ವರ್ಷ. ಕೋಚ್ ನೀಲ್ ಮೆಗೀಚಿ ಅವರಿಗೆ ಕೆಲಸ ಸಿಕ್ಕಿದ್ದೇ ಪಂದ್ಯಗಳು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಆ ವರ್ಷ ಡ್ಯೂಕ್ 10 ಗೆದ್ದು 16 ಸೋತಿತು. ಅಂಥ ತಂಡ ಆ ದಿನ ಕೆರೊಲಿನಾದ ಮನೆಯಂಗಳಕ್ಕೇ ಬಂದು, 17 ಸೆಕೆಂಡು ಉಳಿದಿರುವಾಗ 86-78ರಲ್ಲಿ ಮುಂದಿತ್ತು.

ಎಂಟು ಪಾಯಿಂಟು ಅಂದರೆ ಏನಂತೆ ಅನ್ನಬೇಡಿ. ಆಗ ಮೂರು ಪಾಯಿಂಟಿನ ಶಾಟ್ ಇರಲಿಲ್ಲ. ಕಾಲೇಜು ಆಟದಲ್ಲಿ ಅದು ಎಲ್ಲ ಕಡೆ ಬಂದದ್ದು 1986ರಲ್ಲಿ. ಅಂದರೆ ಎಂಟು ಪಾಯಿಂಟಿಗೆ ನಾಲ್ಕು ಬಾಸ್ಕೆಟ್ ಬೇಕು, ಎದುರಾಳಿ ನಡುವೆ ಒಂದೂ ಹಾಕಬಾರದು. ಜೊತೆಗೆ ಇನ್ನೊಂದು ತೊಡಕಿತ್ತು. ಬಾಸ್ಕೆಟ್ ಬಿದ್ದ ಮೇಲೂ ಗಡಿಯಾರ ಓಡುತ್ತಲೇ ಇರುತ್ತಿತ್ತು. ಚೆಂಡನ್ನು ಗೆರೆಯ ಹೊರಗಿನಿಂದ ಒಳಗೆ ಎಸೆಯಲು ಐದು ಸೆಕೆಂಡು ಅವಕಾಶ. ಡ್ಯೂಕ್‌ನವನು ಸುಮ್ನೆ ನಾಲ್ಕು ಸೆಕೆಂಡು ಚೆಂಡು ಹಿಡಿದು ನಿಂತರೂ ನಾಲ್ಕು ಸೆಕೆಂಡು ಖರ್ಚಾಯಿತು. ಕೆರೊಲಿನಾಕ್ಕೆ ಇದ್ದ ಒಂದೇ ದಾರಿ ಟೈಂ ಔಟ್, ಅಂದರೆ ಗಡಿಯಾರ ನಿಲ್ಲಿಸಿ ಆಟಕ್ಕೆ ಕೊಡುವ ಬಿಡುವು. ಡೀನ್ ಸ್ಮಿತ್ ಟೈಂ ಔಟ್‌ಗಳನ್ನು ಕೊನೆಗೆಂದು ಉಳಿಸಿಟ್ಟುಕೊಳ್ಳುವ ಮನುಷ್ಯ. ಕಷ್ಟ ಬಂದಾಗಲೆಲ್ಲ ಕರೆಯುತ್ತಿರಲಿಲ್ಲ. ನನಗೆ ಕೇಳಿದರೆ ಆ ಪಂದ್ಯದ ಅರ್ಧ ಗುಟ್ಟು ಅಲ್ಲಿದೆ. ಪವಾಡ ಪವಾಡ ಅನ್ನುವವರು ಇದನ್ನು ಮರೆಯುತ್ತಾರೆ.

ಈಗ ಆ 17 ಸೆಕೆಂಡನ್ನು ಬಿಡಿಸಿ ಹೇಳುತ್ತೇನೆ. ಆಟಗಾರರನ್ನು ಏಕವಚನದಲ್ಲಿ ಹೇಳುತ್ತೇನೆ, ಆಗ ಎಲ್ಲರೂ ಹುಡುಗರು.

ಕೆರೊಲಿನಾದ ಬಾಬಿ ಜೋನ್ಸ್ ಎರಡು ಫ್ರೀ ಥ್ರೋ ಹಾಕಿದ. ಫೌಲ್ ಆದಾಗ ಸಿಗುವ, ಯಾರೂ ಅಡ್ಡ ಬರದ, ಒಂದೊಂದು ಪಾಯಿಂಟಿನ ಎಸೆತ ಅದು. 86-80. ಡ್ಯೂಕ್ ಚೆಂಡನ್ನು ಒಳಗೆ ಎಸೆಯಬೇಕು. ಕೆರೊಲಿನಾದವರು ಐದೂ ಜನ ಮೈಮೇಲೆ ಬಿದ್ದ ಹಾಗೆ ಕಾವಲು ನಿಂತರು. ಎಸೆದ ಚೆಂಡು ಕೆರೊಲಿನಾದ ಕೈಗೆ ಬಂತು. ಜಾನ್ ಕ್ಯೂಸ್ಟರ್ ರಿಂಗ್ ಹತ್ತಿರದಿಂದಲೇ ಹಾಕಿದ. 86-82, ಉಳಿದದ್ದು 13 ಸೆಕೆಂಡು. ಡ್ಯೂಕ್ ಮತ್ತೆ ಎಸೆಯಲು ಹೋಗಿ ಮತ್ತೆ ಚೆಂಡು ಕಳೆದುಕೊಂಡಿತು. ಈ ಸಲ ಕೆರೊಲಿನಾದ ಮೊದಲ ಶಾಟ್ ಬೀಳಲಿಲ್ಲ. ಜೋನ್ಸ್ ಹಾರಿ ಹಿಡಿದು ಅಲ್ಲಿಂದಲೇ ಒಳಗೆ ಹಾಕಿದ. 86-84. ಉಳಿದದ್ದು 6 ಸೆಕೆಂಡು.

ಮೂರನೇ ಸಲ ಡ್ಯೂಕ್ ಸರಿಯಾಗಿಯೇ ಎಸೆಯಿತು. ಕೆರೊಲಿನಾ ಕೂಡಲೇ ಫೌಲ್ ಮಾಡಿತು. ಇದು ಒನ್ ಆ್ಯಂಡ್ ಒನ್ ಲೆಕ್ಕದ ಫ್ರೀ ಥ್ರೋ. ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು. ಬೀಳದಿದ್ದರೆ ಚೆಂಡು ಹಿಡಿದವರದ್ದು. ಒಂದು ಹಾಕಿದ್ದರೂ ಮೂರು ಪಾಯಿಂಟಿನ ಅಂತರ, ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆ ಹುಡುಗನ ಮೊದಲ ಎಸೆತ ಬೀಳಲಿಲ್ಲ. ಅವನ ಹೆಸರು ದಾಖಲೆಯಲ್ಲಿದೆ. ಡ್ಯೂಕ್‌ನವರಿಗೂ ಗೊತ್ತು, ಕೆರೊಲಿನಾದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಐವತ್ತು ವರ್ಷದಿಂದ ಹೇಳಿದ್ದು ಸಾಕು, ನಾನು ಹೇಳಲ್ಲ.

ಚೆಂಡು ಕೆರೊಲಿನಾದ ಕೈಗೆ. ಟೈಂ ಔಟ್. ಗಡಿಯಾರದಲ್ಲಿ 3 ಸೆಕೆಂಡು.

ಇಲ್ಲಿ ಒಂದು ಅಡ್ಡಮಾತು. ಈ ಬಾಬಿ ಜೋನ್ಸ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಅಮೆರಿಕ ತಂಡದಲ್ಲಿದ್ದವನು. ಅಲ್ಲಿ ಫೈನಲ್‌ನ ಕೊನೆಯ 3 ಸೆಕೆಂಡನ್ನು ಮತ್ತೆ ಮತ್ತೆ ಆಡಿಸಿ, ಕೊನೆಗೆ ಸೋವಿಯತ್ ತಂಡ 51-50ರಲ್ಲಿ ಗೆದ್ದಿತು. ಅಮೆರಿಕದ ಹುಡುಗರು ಬೆಳ್ಳಿ ಪದಕ ಮುಟ್ಟಲಿಲ್ಲ. ಮೂರು ಸೆಕೆಂಡಿನಲ್ಲಿ ಏನೇನಾಗಬಹುದು ಅನ್ನೋದು ಆ ಅಂಗಳದಲ್ಲಿ ಅವನಷ್ಟು ಗೊತ್ತಿದ್ದವರು ಯಾರೂ ಇರಲಿಕ್ಕಿಲ್ಲ. 1974ರ ಜನವರಿಯಲ್ಲಿ ಡರ್ಹಮ್‌ನಲ್ಲಿ ಸ್ಕೋರು ಸಮವಾಗಿದ್ದಾಗ ಡ್ಯೂಕ್ ಒಳಗೆ ಎಸೆದ ಚೆಂಡನ್ನು ಕಸಿದು, ಕೊನೆಯ ಗಳಿಗೆಯಲ್ಲಿ ಬಾಸ್ಕೆಟ್ ಹಾಕಿ 73-71ಕ್ಕೆ ಗೆಲ್ಲಿಸಿದವನೂ ಇವನೇ. ಹಾಗಾಗಿ ಮಾರ್ಚ್ ತಿಂಗಳಲ್ಲಿ ಚೆಂಡು ಒಳಗೆ ಎಸೆಯಲು ನಿಂತ ಡ್ಯೂಕ್ ಹುಡುಗರ ಕೈ ನಡುಗಿದ್ದರೆ ಆಶ್ಚರ್ಯ ಏನಿಲ್ಲ.

ಸರಿ, 3 ಸೆಕೆಂಡು. ಮಿಚ್ ಕಪ್‌ಚಾಕ್ ತನ್ನ ಕಡೆಯ ಗೆರೆಯಿಂದ ವಾಲ್ಟರ್ ಡೇವಿಸ್‌ಗೆ ಎಸೆದ. ಡೇವಿಸ್ ಮೊದಲ ವರ್ಷದ ವಿದ್ಯಾರ್ಥಿ, ಶಾರ್ಲೆಟ್ ಪಕ್ಕದ ಪೈನ್‌ವಿಲ್ ಊರಿನವನು. ಚೆಂಡು ಹಿಡಿದು ಕೆಲವು ಸಲ ನೆಲಕ್ಕೆ ಬಡಿದು ಮುಂದೆ ಬಂದ. ಸುಮಾರು 30 ಅಡಿ ದೂರದಿಂದ ಎಸೆದ. ಚೆಂಡು ಬೋರ್ಡಿಗೆ ಬಡಿದು ಒಳಗೆ ಬಿತ್ತು. 86-86. ಬೇಕೆಂದೇ ಬೋರ್ಡಿಗೆ ಹೊಡೆದನೋ, ಅದೇ ತಗುಲಿತೋ ಅನ್ನೋ ವಾದ ಇವತ್ತಿಗೂ ಮುಗಿದಿಲ್ಲ. ಇವತ್ತಿನ ನಿಯಮದಲ್ಲಾಗಿದ್ದರೆ ಆ ಶಾಟ್‌ಗೆ ಮೂರು ಪಾಯಿಂಟು, ಪಂದ್ಯ 87-86ಕ್ಕೆ ಅಲ್ಲೇ ಮುಗಿಯುತ್ತಿತ್ತು. ಆಗ ಹೆಚ್ಚುವರಿ ಅವಧಿ ಆಡಬೇಕಾಯಿತು. ಕೆರೊಲಿನಾ 96-92ಕ್ಕೆ ಗೆದ್ದಿತು.

ಇದು ಪುಸ್ತಕದಲ್ಲಿ ಸಿಗುವ ಕತೆ. ನನಗೆ ಇಷ್ಟವಾದದ್ದು ಪುಸ್ತಕದಲ್ಲಿ ಇಲ್ಲದ್ದು.

ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಆಗ ಚಾಪೆಲ್ ಹಿಲ್‌ನಲ್ಲಿ ಓದುತ್ತಿದ್ದರು. ಆ ದಿನ ತಮ್ಮ ಗೆಳತಿಯ ಜೊತೆ ಕಾರ್ಮೈಕಲ್‌ನಲ್ಲಿದ್ದರು. 86-78 ಆದಾಗ ಎದ್ದು ಹೊರಟರು. ಅವರೊಬ್ಬರೇ ಅಲ್ಲ, ಎಷ್ಟೋ ಜನ ಎದ್ದರು. ಮೆಟ್ಟಿಲು ಇಳಿದು ಹೊರಗೆ ಬಂದಾಗ ಒಳಗಿನಿಂದ ಗಲಾಟೆ ಕೇಳಿಸಿತಂತೆ. ಕೊನೇ ವರ್ಷದ ಆಟಗಾರರಿಗೆ ಚಪ್ಪಾಳೆ ತಟ್ಟುತ್ತಿದ್ದಾರೆ ಅಂದುಕೊಂಡರು. ಬಾಬಿ ಜೋನ್ಸ್‌ಗೆ ಅದು ಊರಿನ ಕೊನೇ ಪಂದ್ಯ ತಾನೇ. ಇನ್ನೊಂದು ಸಲ ಗಲಾಟೆ. ಪಾಪ, ಚೆನ್ನಾಗಿ ಬೀಳ್ಕೊಡುತ್ತಿದ್ದಾರೆ ಅಂದುಕೊಂಡರು. ಕಾರಿನ ರೇಡಿಯೋ ಹಾಕಿದಾಗ ಹೆಚ್ಚುವರಿ ಅವಧಿ ಶುರುವಾಗುತ್ತಿತ್ತು. ಓಡಿ ವಾಪಸ್ ಹೋದರು. ಬಾಗಿಲಲ್ಲಿದ್ದವರು ಬಿಡಲಿಲ್ಲ. ಮತ್ತೆ ಕಾರಿಗೆ ಬಂದು ಉಳಿದದ್ದನ್ನು ರೇಡಿಯೋದಲ್ಲೇ ಕೇಳಿದರು.

ಆ ಗೆಳತಿಯೇ ಈಗ ಅವರ ಹೆಂಡತಿ. ಟ್ರಾಫಿಕ್ ಜಾಸ್ತಿ ಆಗುತ್ತೆ, ಹೊರಡೋಣ ಅಂದದ್ದು ಯಾರು ಅನ್ನೋ ಜಗಳ ಇನ್ನೂ ನಡೆಯುತ್ತಿದೆ. ನಾನು ಅವರ ಮನೆಗೆ ಹೋದಾಗ ಯಜಮಾನರು "ಅವಳೇ ಎದ್ದಳು" ಅಂದರು. ಅಡುಗೆಮನೆಯಿಂದ ಅಮ್ಮ "ಕಾರಿನ ಕೀಲಿ ಯಾರ ಕೈಯಲ್ಲಿತ್ತು ಅಂತ ಕೇಳಿ" ಅಂದರು. ಅಷ್ಟು ವರ್ಷದ ಸಂಸಾರದಲ್ಲಿ ಈ ಒಂದು ಮಾತಿಗೆ ಮಾತ್ರ ರಾಜಿ ಆಗಿಲ್ಲ.

ಕಾರ್ಮೈಕಲ್‌ನಲ್ಲಿ ಆಗ ಇದ್ದ ಸೀಟುಗಳು ಹತ್ತು ಸಾವಿರಕ್ಕೂ ಕಡಿಮೆ. ಆ ಪಂದ್ಯ ಕಣ್ಣಾರೆ ನೋಡಿದೆ ಅನ್ನುವವರನ್ನು ಕೂಡಿಸಿದರೆ ಅಂಥ ನಾಲ್ಕು ಕಟ್ಟಡ ಬೇಕಾಗಬಹುದು. ಹಾಗಾಗಿ ನಾನು ಎದ್ದು ಹೋದೆ ಅನ್ನುವವರ ಮಾತನ್ನು ಜಾಸ್ತಿ ನಂಬುತ್ತೇನೆ. ಹೋಗದಿದ್ದವರು ಎದ್ದು ಹೋದೆ ಅಂತ ಯಾಕೆ ಸುಳ್ಳು ಹೇಳುತ್ತಾರೆ?

ಡ್ಯೂಕ್ ಕಡೆಯವರಿಗೆ 1974 ಬೇಡವಾದ ನೆನಪು. ಮೆಗೀಚಿ ಅವರ ಕೆಲಸ ಒಂದೇ ಸಾಲಿಗೆ ಮುಗಿಯಿತು. ಬಿಲ್ ಫಾಸ್ಟರ್ ಬಂದರು. 1980ರಲ್ಲಿ ಮೈಕ್ ಶಷೆವ್‌ಸ್ಕಿ ಬಂದರು, ನಮಗೆಲ್ಲ ಗೊತ್ತಿರುವ ಕೋಚ್ ಕೆ. ಅವರು ಇದ್ದ 42 ವರ್ಷದಲ್ಲಿ ಡ್ಯೂಕ್‌ಗೆ ಸಿಗದ ಸಂಭ್ರಮ ಇರಲಿಲ್ಲ. ಹಾಗಿದ್ದೂ ಡ್ಯೂಕ್ ಅಭಿಮಾನಿಗಳು ಆಸೆಯಿಂದ ಹೇಳುವ ಪಂದ್ಯಗಳಲ್ಲಿ ಒಂದು ಅವರು ಸೋತದ್ದು.

ಅದು 1995ರ ಫೆಬ್ರವರಿ 2. ಜಾಗ ಡ್ಯೂಕ್‌ನ ಕ್ಯಾಮರಾನ್ ಒಳಾಂಗಣ. ಅಲ್ಲಿ ಹಿಡಿಸುವುದು 9,314 ಜನ ಮಾತ್ರ. ವಿದ್ಯಾರ್ಥಿಗಳು ಅಂಗಳದ ಅಂಚಿನಲ್ಲೇ ನಿಂತು ಕುಣಿಯುತ್ತಾರೆ. ಆ ಜಾಗಕ್ಕಾಗಿ ಚಳಿಯಲ್ಲಿ ವಾರಗಟ್ಟಲೆ ಟೆಂಟ್ ಹಾಕಿ ಕಾಯುತ್ತಾರೆ. ಆ ಟೆಂಟ್ ಊರಿಗೆ ಕೋಚ್ ಹೆಸರನ್ನೇ ಇಟ್ಟು ಶಷೆವ್‌ಸ್ಕಿವಿಲ್ ಅಂತ ಕರೆಯುತ್ತಾರೆ. ಆ ವರ್ಷ ಮಾತ್ರ ಕೋಚ್ ಬೆನ್ನುನೋವಿನಿಂದ ರಜೆಯಲ್ಲಿದ್ದರು. ತಂಡ ನೆಲಕಚ್ಚಿತ್ತು. ಕೆರೊಲಿನಾದಲ್ಲಿ ಜೆರ್ರಿ ಸ್ಟ್ಯಾಕ್‌ಹೌಸ್, ರಶೀದ್ ವಾಲೇಸ್ ಇದ್ದರು. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಅದರ ಕೊನೆಗೆ ಡ್ಯೂಕ್ 92-95ರಲ್ಲಿ ಹಿಂದಿತ್ತು. ಕೆರೊಲಿನಾ ಎರಡು ಫ್ರೀ ಥ್ರೋ ಕಳೆದುಕೊಂಡಿತು. ಡ್ಯೂಕ್‌ನ ಜೆಫ್ ಕೇಪಲ್ ಚೆಂಡು ಹಿಡಿದು ಓಡಿ ಬಂದು, ಅಂಗಳದ ನಡುಗೆರೆ ದಾಟಿದ ತಕ್ಷಣ ಎಸೆದ. ಬಿತ್ತು. 95-95. ಕಟ್ಟಡ ಅಲುಗಾಡಿತು ಅನ್ನುತ್ತಾರೆ. ಎರಡನೇ ಹೆಚ್ಚುವರಿ ಅವಧಿ ಆಡಿದರು, ಕೆರೊಲಿನಾ 102-100ಕ್ಕೆ ಗೆದ್ದಿತು.

ನನ್ನ ಆಫೀಸಿನಲ್ಲಿ ಡ್ಯೂಕ್‌ನಲ್ಲಿ ಓದಿದ ಒಬ್ಬರಿದ್ದಾರೆ. ಈ ಶಾಟ್ ಬಗ್ಗೆ ಹೇಳುವಾಗ ಕುರ್ಚಿಯಿಂದ ಏಳುತ್ತಾರೆ. ಪಕ್ಕದಲ್ಲಿದ್ದ ಗುರುತಿಲ್ಲದ ಹುಡುಗ ತಬ್ಬಿಕೊಂಡದ್ದು, ಮುಖಕ್ಕೆ ಹಚ್ಚಿದ ಬಣ್ಣ ಬಟ್ಟೆಗೆ ಹತ್ತಿದ್ದು, ಎಲ್ಲ ಹೇಳುತ್ತಾರೆ. ಆಮೇಲೆ ಏನಾಯಿತು ಅಂತ ಕೇಳಿದೆ. "ಆಮೇಲೆ ಮನೆಗೆ ಹೋದೆವು" ಅಂದರು. ಐದು ನಿಮಿಷದ ಎರಡನೇ ಹೆಚ್ಚುವರಿ ಅವಧಿಯೇ ಅವರ ಕತೆಯಲ್ಲಿ ಇಲ್ಲ! ಕೆರೊಲಿನಾದವರಿಗೆ ಇದು ಉರಿಯುವ ವಿಷಯ. ಗೆದ್ದವರು ನಾವು, ಟಿವಿಯಲ್ಲಿ ಪ್ರತಿ ವರ್ಷ ತೋರಿಸೋದು ಅವರ ಶಾಟ್, ಇದೆಂಥ ನ್ಯಾಯ ಅಂತ. ನನಗೇನೋ ನ್ಯಾಯವಾಗಿಯೇ ಕಾಣುತ್ತದೆ. ಗೆಲುವು ಅವರದ್ದು, ನೆನಪು ಇವರದ್ದು. ಹಂಚಿಕೆ ಆಯಿತಲ್ಲ.

ಇನ್ನು ರೇಡಿಯೋ ವಿಷಯ. 1971ರಿಂದ 2011ರವರೆಗೆ ಕೆರೊಲಿನಾ ಪಂದ್ಯಗಳ ವೀಕ್ಷಕ ವಿವರಣೆ ಕೊಟ್ಟವರು ವುಡಿ ಡರ್ಹಮ್. ಹೆಸರು ಡರ್ಹಮ್, ಕೆಲಸ ಚಾಪೆಲ್ ಹಿಲ್ ತಂಡದ್ದು, ಅದೊಂದು ತಮಾಷೆ. ಟಿವಿಯಲ್ಲಿ ಪಂದ್ಯ ಬರುತ್ತಿದ್ದರೂ ಜನ ಅದರ ಸದ್ದು ಕಡಿಮೆ ಮಾಡಿ ಇವರ ರೇಡಿಯೋ ಹಾಕಿಕೊಳ್ಳುತ್ತಿದ್ದರು. ಪಂದ್ಯ ಬಿಗಿಯಾದಾಗ ಅವರು ಕೇಳುಗರಿಗೆ ಒಂದು ಮಾತು ಹೇಳುತ್ತಿದ್ದರು: ನೀವು ಎಲ್ಲಿಗೆ ಹೋಗುತ್ತೀರೋ ಅಲ್ಲಿಗೆ ಹೋಗಿ, ಏನು ಮಾಡುತ್ತೀರೋ ಅದನ್ನು ಮಾಡಿ. ಅಂದರೆ, ನಿಮ್ಮ ನಿಮ್ಮ ನಂಬಿಕೆಯ ಪ್ರಕಾರ ತಂಡ ಗೆಲ್ಲಲು ಎಲ್ಲಿ ಕೂರಬೇಕೋ ಅಲ್ಲಿ ಹೋಗಿ ಕೂತುಬಿಡಿ ಅಂತ. ಒಬ್ಬರು ಗ್ಯಾರೇಜಿಗೆ ಹೋಗುತ್ತಿದ್ದರು, ಇನ್ನೊಬ್ಬರು ಟೋಪಿ ತಿರುಗಿಸಿ ಹಾಕುತ್ತಿದ್ದರು. ಬ್ಯಾಟ್ಸ್‌ಮನ್ 90 ದಾಟಿದ ಮೇಲೆ ಜಾಗ ಬಿಟ್ಟು ಏಳಬೇಡ ಅಂತ ನಮ್ಮನ್ನು ಕೂರಿಸುತ್ತಿದ್ದ ಮನೆಯವರ ಮಧ್ಯೆ ಬೆಳೆದವರು ನಾವು, ಇದನ್ನು ಬಿಡಿಸಿ ಹೇಳಬೇಕಿಲ್ಲ. ವುಡಿ 2018ರಲ್ಲಿ ತೀರಿಕೊಂಡರು.

ಕೊನೆಯದು 2022. ಇದು ನಿಮಗೆಲ್ಲ ನೆನಪಿರುವುದರಿಂದ ಬೇಗ ಮುಗಿಸುತ್ತೇನೆ. ಕೋಚ್ ಆಗಿ ಇದೇ ತನ್ನ ಕೊನೇ ವರ್ಷ ಅಂತ ಕೋಚ್ ಕೆ ಮೊದಲೇ ಹೇಳಿದ್ದರು. ಮಾರ್ಚ್ 5ಕ್ಕೆ ಕ್ಯಾಮರಾನ್‌ನಲ್ಲಿ ಅವರ ಕೊನೇ ಪಂದ್ಯ. ಹಳೆಯ ಆಟಗಾರರು ತೊಂಬತ್ತಕ್ಕೂ ಹೆಚ್ಚು ಜನ ಬಂದಿದ್ದರು. ಕೆರೊಲಿನಾ 94-81ಕ್ಕೆ ಗೆದ್ದು ಸಂಭ್ರಮ ಕೆಡಿಸಿತು. ಅದಾಗಿ ನಾಲ್ಕು ವಾರಕ್ಕೆ, ಏಪ್ರಿಲ್ 2ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ನಲ್ಲಿ ಮತ್ತೆ ಮುಖಾಮುಖಿ. ನೂರು ವರ್ಷದ ಜಿದ್ದಿನಲ್ಲಿ ಆ ಟೂರ್ನಿಯಲ್ಲಿ ಇಬ್ಬರೂ ಎದುರಾದದ್ದು ಅದೇ ಮೊದಲು. ಕೆರೊಲಿನಾದ ಕೇಲೆಬ್ ಲವ್ ಕೊನೆಯ ಅರ್ಧ ನಿಮಿಷದೊಳಗೆ ದೂರದಿಂದ ಮೂರು ಪಾಯಿಂಟಿನ ಶಾಟ್ ಹಾಕಿದ, ಅವನದ್ದು ಒಟ್ಟು 28 ಪಾಯಿಂಟು. ಕೆರೊಲಿನಾ 81-77. ಕೋಚ್ ಕೆ ಅವರ ಕೊನೇ ಪಂದ್ಯ ಹಾಗೆ ಮುಗಿಯಿತು. ಚಾಪೆಲ್ ಹಿಲ್‌ನ ಫ್ರಾಂಕ್ಲಿನ್ ಸ್ಟ್ರೀಟ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಎರಡು ದಿನ ಬಿಟ್ಟು ಫೈನಲ್‌ನಲ್ಲಿ ಕೆರೊಲಿನಾ ಕ್ಯಾನ್ಸಸ್‌ಗೆ ಸೋತಿತು. ಮೊದಲರ್ಧ ಮುಗಿದಾಗ 15 ಪಾಯಿಂಟು ಮುಂದಿದ್ದೂ ಸೋತಿತು. ಆ ಸೋಲಿನ ಬಗ್ಗೆ ಇಲ್ಲಿಯ ಕೆರೊಲಿನಾ ಅಭಿಮಾನಿಗಳನ್ನು ಕೇಳಿ ನೋಡಿ. ಶನಿವಾರದ ಸುದ್ದಿಗೇ ವಾಪಸ್ ಬರುತ್ತಾರೆ.

ಆ ಶನಿವಾರ ಕೆರೊಲಿನಾದ ಕೋಚ್ ಆಗಿದ್ದವರು ಹ್ಯೂಬರ್ಟ್ ಡೇವಿಸ್. ಅವರಿಗೆ ಅದು ಮೊದಲ ವರ್ಷ. 1974ರಲ್ಲಿ 30 ಅಡಿಯಿಂದ ಎಸೆದ ವಾಲ್ಟರ್ ಡೇವಿಸ್ ಈ ಹ್ಯೂಬರ್ಟ್‌ಗೆ ಚಿಕ್ಕಪ್ಪ. ವಾಲ್ಟರ್ 2023ರ ನವೆಂಬರ್‌ನಲ್ಲಿ 69ನೇ ವಯಸ್ಸಿಗೆ ಹೋಗಿಬಿಟ್ಟರು.

2022ರ ಆ ಸೆಮಿಫೈನಲ್ ರಾತ್ರಿ ನಾನು ಇದ್ದದ್ದು ಮೋರಿಸ್‌ವಿಲ್‌ನ ಒಂದು ಕನ್ನಡದವರ ಮನೆಯಲ್ಲಿ. ಮಗಳು ಡ್ಯೂಕ್‌ನಲ್ಲಿ, ಮಗ ಚಾಪೆಲ್ ಹಿಲ್‌ನಲ್ಲಿ ಓದುತ್ತಿದ್ದರು. ಸೋಫಾದ ಎರಡು ತುದಿಗೆ ಇಬ್ಬರು, ನಡುವೆ ಅಪ್ಪ, ಎರಡೂ ಕಡೆಯಿಂದ ಬೈಸಿಕೊಳ್ಳುತ್ತಾ. ಕೊನೆಯ ಎರಡು ನಿಮಿಷ ತಾಯಿ ಕಾಣಿಸಲಿಲ್ಲ. ದೇವರ ಕೋಣೆಯಲ್ಲಿದ್ದರು. ಆಮೇಲೆ ಚಕ್ಕುಲಿ ತಟ್ಟೆ ಹಿಡಿದು ಬಂದಾಗ "ಯಾರು ಗೆಲ್ಲಲಿ ಅಂತ ಬೇಡಿಕೊಂಡಿರಿ?" ಅಂತ ಕೇಳಿದೆವು. "ಬೇಗ ಮುಗೀಲಿ ಅಂತ ಬೇಡಿಕೊಂಡೆ" ಅಂದರು. ಮಗಳು ನಾಲ್ಕು ದಿನ ಅಣ್ಣನ ಫೋನ್ ಎತ್ತಲಿಲ್ಲವಂತೆ. ಆ ಮನೆಯಲ್ಲಿ ಈ ಪಂದ್ಯ ಇನ್ನು ಐವತ್ತು ವರ್ಷ ಬಾಳುತ್ತದೆ, ಚಕ್ಕುಲಿ ಸಮೇತ.

ನನ್ನ ಮಾತು ಇಷ್ಟೇ. ಆಮೇಲೆ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಒಬ್ಬ ಹುಡುಗ ಕೇಳಿದ: ಅಂಕಲ್, 8 ಪಾಯಿಂಟನ್ನು 17 ಸೆಕೆಂಡಲ್ಲಿ ಈಗ ಮಾಡೋದು ಸುಲಭ ಅಲ್ವಾ?

ಲೆಕ್ಕದಲ್ಲಿ ಸುಲಭ. ಮೂರು ಪಾಯಿಂಟಿನ ಶಾಟ್ ಇರುವುದರಿಂದ ಮೂರು ಸಲ ಹಾಕಿದರೆ ಸಾಕು, ನಾಲ್ಕು ಬೇಡ. 1993ರಿಂದ ಕೊನೆಯ ಒಂದು ನಿಮಿಷದಲ್ಲಿ ಬಾಸ್ಕೆಟ್ ಬಿದ್ದ ಕೂಡಲೇ ಗಡಿಯಾರ ನಿಲ್ಲಿಸುತ್ತಾರೆ. ಆದರೆ ಎದುರಿನ ತಂಡವೂ ಈಗ ಪಾಠ ಕಲಿತಿದೆಯಲ್ಲ. ಒತ್ತಡ ಬಂದಾಗ ಚೆಂಡನ್ನು ಒಳಗೆ ಎಸೆಯುವುದನ್ನೇ ದಿನಾ ಅಭ್ಯಾಸ ಮಾಡಿಸುತ್ತಾರೆ. ಫ್ರೀ ಥ್ರೋ ಚೆನ್ನಾಗಿ ಹಾಕುವವರನ್ನೇ ಕೊನೆಗೆ ಅಂಗಳಕ್ಕೆ ಇಳಿಸುತ್ತಾರೆ.

ಇನ್ನೊಬ್ಬರು ಕೇಳಿದರು: ಆ ಕಾರ್ಮೈಕಲ್ ಈಗ ಇದೆಯಾ, ಮಕ್ಕಳಿಗೆ ತೋರಿಸಬಹುದಾ?

ಇದೆ. ಪುರುಷರ ತಂಡ 1986ರಲ್ಲಿ ದೊಡ್ಡ ಡೀನ್ ಸ್ಮಿತ್ ಸೆಂಟರ್‌ಗೆ ಹೋಯಿತು. ಕಾರ್ಮೈಕಲ್‌ನಲ್ಲಿ ಈಗ ಮಹಿಳೆಯರ ತಂಡ ಆಡುತ್ತದೆ. ಮೈಕಲ್ ಜೋರ್ಡಾನ್ ಕೂಡ ಕಾಲೇಜಿನಲ್ಲಿದ್ದಾಗ ಆಡಿದ್ದು ಅಲ್ಲೇ, ಹುಡುಗರಿಗೆ ಅಷ್ಟು ಹೇಳಿದರೆ ಕಾರು ಹತ್ತುತ್ತಾರೆ. ಪುರುಷರ ಡ್ಯೂಕ್ ಪಂದ್ಯದ ಟಿಕೆಟ್ ನಮ್ಮಂಥವರ ಕೈಗೆ ಸಿಗಲ್ಲ. ಮಹಿಳೆಯರ ಪಂದ್ಯಕ್ಕೆ ಆರಾಮಾಗಿ ಹೋಗಬಹುದು. ಡ್ಯೂಕ್ ಮಹಿಳೆಯರ ತಂಡವೂ ಅಲ್ಲಿಗೆ ಬಂದು ಆಡುತ್ತದೆ, ಆ ದಿನ ಮಾತ್ರ ಸ್ವಲ್ಪ ಬೇಗ ಹೊರಡಿ. ಯಾವ ನೀಲಿ ಹಾಕಿಕೊಂಡು ಹೋಗಬೇಕು ಅನ್ನೋದು ನಿಮ್ಮ ಮನೆಯ ಜಗಳ, ನಾನು ನಡುವೆ ಬರಲ್ಲ.